ಸೂಟಿ ಮುಗಿಯಿತು, ಕೆಲಸವೂ ಇಷ್ಟ: ಮೊದಲ ಹದಿನೈದು ದಿನ ದಾಟಿಸುವುದು ಹೇಗೆ?

ಮೇ ತಿಂಗಳು ಮುಗಿಯುತ್ತ ಬಂದ ಹಾಗೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಅಯ್ಯೋ, ಮತ್ತೆ ಶುರು ಆತಲ್ಲಪಾ." ನನಗೆ ಹಾಗೆ ಅನಿಸುವುದಿಲ್ಲ. ಅಣ್ಣಿಗೇರಿಯಿಂದ ಒಳಗೆ ಹೋಗುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವಳು ನಾನು, ಮನೆ ಹುಬ್ಬಳ್ಳಿಯಲ್ಲಿ. ಮೇ ಎರಡನೇ ವಾರ ದಾಟಿತು ಅಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೋರ್ಡು ಬೇಕು, ಮಕ್ಕಳು ಬೇಕು, ಆ ಗದ್ದಲ ಬೇಕು.

ಇಷ್ಟದ ಕೆಲಸಕ್ಕೆ ವಾಪಸ್ ಹೋಗೋಕೆ ಮಾರ್ಗದರ್ಶಿ ಯಾಕೆ ಅಂತ ಕೇಳಬೇಡಿ. ಬೇಕು. ಬೇಜಾರಿನಿಂದ ಹೋಗುವವರಿಗಿಂತ ನಮಗೇ ಜಾಸ್ತಿ ಬೇಕು. ಇದನ್ನು ನಾನು ದನಿ ಕಳೆದುಕೊಂಡು ಕಲಿತೆ.

ಆ ವರ್ಷ ಸೂಟಿಯಲ್ಲೇ ಹದಿನಾಲ್ಕು ಚಾರ್ಟ್ ಬರೆದಿಟ್ಟಿದ್ದೆ. ಗೋಡೆ ಮೇಲೆ ಸೌರಮಂಡಲ ಬರೆಯೋಣ ಅಂತ ಬಣ್ಣದ ಡಬ್ಬಿ, ಬ್ರಷ್ಷು ಎಲ್ಲ ತಂದಿದ್ದೆ. ಶಾಲೆ ತೆರೆದ ದಿನ ಎಲ್ಲರಿಗಿಂತ ಮೊದಲು ಹೋದೆ, ಎಲ್ಲರಿಗಿಂತ ಕೊನೆಗೆ ಹೊರಟೆ. ಪ್ರಾರಂಭೋತ್ಸವಕ್ಕೆ ತೋರಣ ಕಟ್ಟುವುದು ನಾನೇ, ಹಿಂದಿನ ತರಗತಿಯ ಕಲಿಕೆ ನೋಡುವ ಸೇತುಬಂಧದ ಪ್ರಶ್ನೆಪತ್ರಿಕೆ ನಾನೇ, ದಾಖಲಾತಿಗೆ ಅಂತ ಓಣಿ ಓಣಿ ತಿರುಗುವುದೂ ನಾನೇ. ಒಂದೂವರೆ ತಿಂಗಳು ಮನೆಯಲ್ಲಿ ಮೆಲ್ಲಗೆ ಮಾತಾಡಿಕೊಂಡಿದ್ದ ಗಂಟಲು, ಒಮ್ಮೆಲೇ ದಿನಕ್ಕೆ ಐದಾರು ಪೀರಿಯಡ್ ಕೂಗಿತು. ಎರಡನೇ ವಾರದ ಶನಿವಾರ ಎದ್ದು ಮಗನನ್ನು ಕರೆದರೆ ದನಿಯೇ ಇಲ್ಲ, ಬರೀ ಗಾಳಿ. ಗಂಟಲು ಡಾಕ್ಟರು ನೋಡಿ ಐದು ದಿನ ಮಾತು ಬಂದ್ ಅಂದರು, ಪಿಸುಮಾತು ಸಹ ಬೇಡ ಅಂದರು. ಆ ಐದು ದಿನ ಮನೆಯಲ್ಲಿ ಮೂಕಿಯಾಗಿ ಕೂತಾಗ ಒಂದು ಹೊಳೆಯಿತು. ಪಕ್ಕದ ಕ್ಲಾಸಿನ ಸರ್, ವರ್ಷಪೂರ್ತಿ ಗೊಣಗುವವರು, ಅವರು ಆರಾಮಾಗಿ ಪಾಠ ಮಾಡುತ್ತಿದ್ದಾರೆ. ಮನೆಯಲ್ಲಿ ಬಿದ್ದಿರುವುದು ನಾನು.

ನಮ್ಮಪ್ಪ ನವಲಗುಂದ ಕಡೆಯ ರೈತ. ಫೋನಿನಲ್ಲಿ ನನ್ನ ಗಂಡ ವಿಷಯ ಹೇಳಿದಾಗ ಅವರು ಅಂದದ್ದು ಇಷ್ಟೇ: "ಬ್ಯಾಸಗಿ ತುಂಬ ಕಟ್ಟಿ ಮೇಯಿಸಿದ ಎತ್ತು, ಮೊದಲನೇ ದಿನ ನೊಗಕ್ಕ ಹಾಕಿದ್ರ ಹಾರ್ಕೋತ ಹೋಗ್ತದ. ಹೋಗ್ತದಲ್ಲಾ ಅಂತ ಬಿಟ್ರ ಸಂಜೀಕ ಹೆಗಲ ಬಾತಿರ್ತದ." ಮಳೆಗೆ ಮುಂಚೆ ಹೊಲ ಹರಗೋಕೆ ಹೋದಾಗ ಮೊದಲ ದಿನ ಬಿಸಿಲೇರುವ ತನಕ ಅಷ್ಟೇ ಹೊಡೆದು, ಎತ್ತು ಬಿಚ್ಚಿ, ಹೆಗಲು ಮುಟ್ಟಿ ನೋಡುವುದು ಅವರ ರೂಢಿ. ಎತ್ತು ಇನ್ನೂ ಎಳೆಯುತ್ತೇನೆ ಅಂದರೂ ಬಿಚ್ಚುವುದೇ. ಮುಂದೆ ಬರೆದದ್ದೆಲ್ಲ ಅದೇ ಬುದ್ಧಿ, ನನ್ನ ಕೆಲಸಕ್ಕೆ ಹೊಂದಿಸಿಕೊಂಡದ್ದು.

ಇನ್ನೊಂದು ಮಾತು. ನಮ್ಮ ಕಡೆ ಬೇಸಿಗೆ ಸೂಟಿ ಸಿಗುವ ನೌಕರಿಯೇ ಕಡಿಮೆ. ಶಾಲೆ, ಕಾಲೇಜು, ಕೋರ್ಟು, ಅಷ್ಟೇ. ಅದರಲ್ಲೂ ನಮ್ಮ ಸೂಟಿ ಹೆಸರಿಗೆ ಏಪ್ರಿಲ್ 11ರಿಂದ ಮೇ 28, ಲೆಕ್ಕಕ್ಕೆ 48 ದಿನ. 2024ರಲ್ಲಿ ಮೇ 7ಕ್ಕೆ ಲೋಕಸಭೆ ಮತದಾನ ಬಂತು, 2025ರಲ್ಲಿ ಮೇ 5ರಿಂದ ಪರಿಶಿಷ್ಟ ಜಾತಿಗಳ ಸಮೀಕ್ಷೆ ಬಂತು, ಆ ಉರಿಬಿಸಿಲಲ್ಲಿ ಮನೆಮನೆ ತಿರುಗಿದ ಮಾಸ್ತರರಿಗೆ "ನಿಮಗೇನ್ರೀ, ಎರಡ ತಿಂಗಳ ಸೂಟಿ" ಅಂದರೆ ಹೇಗಾಗಬೇಡ? ಇರಲಿ. ನೀವು ಎಂಟೇ ದಿನ ರಜೆ ಹಾಕಿ ಗೋಕರ್ಣಕ್ಕೆ ಹೋಗಿ ಬಂದವರಾದರೂ ಇದು ನಿಮಗೂ ಹೊಂದುತ್ತದೆ. ದಿನಗಳ ಲೆಕ್ಕ ಮಾತ್ರ ಅರ್ಧ ಮಾಡಿಕೊಳ್ಳಿ.

ಹತ್ತು ದಿನ ಮುಂಚೆ: ಒಂದು ವಹಿ ತನ್ನಿ

ಇಷ್ಟದ ಕೆಲಸ ಇರುವವರ ತಲೆಯಲ್ಲಿ ಸೂಟಿಯ ಕೊನೆಗೆ ಐಡಿಯಾಗಳ ಸಂತೆ ನೆರೆದಿರುತ್ತದೆ. ಈ ವರ್ಷ ಇದು ಮಾಡೋಣ, ಅದನ್ನು ಬದಲಾಯಿಸೋಣ. ಇವನ್ನು ತಡೆಯಬೇಡಿ, ಆದರೆ ಶುರುವೂ ಮಾಡಬೇಡಿ. ಒಂದು ನೂರು ಪುಟದ ವಹಿ ತಂದು ಮೇಲೆ "ಜುಲೈ" ಅಂತ ಬರೆಯಿರಿ. ಬಂದ ಐಡಿಯಾ ಎಲ್ಲ ಅದರಲ್ಲಿ, ಒಂದೊಂದು ಸಾಲು. ಜುಲೈ 1ರ ತನಕ ಯಾವುದನ್ನೂ ಮುಟ್ಟುವಂತಿಲ್ಲ.

ಇದು ಕೇಳೋಕೆ ಸುಲಭ. ಮಾಡೋಕೆ ಬಹಳ ಕಷ್ಟ. ಬರೆದಿಟ್ಟ ಕೂಡಲೇ ಗ್ರೂಪಿಗೆ ಹಾಕಬೇಕು ಅನಿಸುತ್ತದೆ, "ಸರ್ ಈ ಸಲ ನಾವು ಹೀಗೆ ಮಾಡಬಹುದಲ್ಲ" ಅಂತ. ಹಾಕಬೇಡಿ. ಹಾಕಿದಿರೋ, ಅದು ನಿಮ್ಮ ಕೊರಳಿಗೇ ಬೀಳುತ್ತದೆ, ಅದೂ ಮೊದಲ ವಾರದಲ್ಲೇ.

ನಿದ್ದೆ, ಊಟ, ಚಹಾ

ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಮಧ್ಯಾಹ್ನ ಮಾವಿನಹಣ್ಣಿನ ಶೀಕರಣಿ, ಅದರ ಮೇಲೆ ಎರಡು ತಾಸು ನಿದ್ದೆ. ರಾತ್ರಿ ಮಾಳಿಗೆ ಮೇಲೆ ಗಾಳಿಗೆ ಕೂತು ಹರಟೆ, ಮಲಗೋಕೆ ಹನ್ನೆರಡು. ಬೆಳಿಗ್ಗೆ ಎಂಟಕ್ಕೆ ಏಳುವುದು. ಇದೆಲ್ಲ ತಪ್ಪಲ್ಲ, ಸೂಟಿ ಇರುವುದೇ ಅದಕ್ಕೆ. ಆದರೆ ಮೇ 29ಕ್ಕೆ ಅಲಾರಾಂ ಇಟ್ಟು ಐದೂವರೆಗೆ ಎದ್ದುಬಿಡುತ್ತೇನೆ ಅಂದುಕೊಂಡರೆ ಮೈ ಕೇಳುವುದಿಲ್ಲ.

ಹತ್ತು ದಿನ ಮುಂಚಿನಿಂದ ದಿನಕ್ಕೆ 15 ನಿಮಿಷ ಬೇಗ ಏಳಿ. ಹತ್ತು ದಿನಕ್ಕೆ ಎರಡೂವರೆ ತಾಸು ಹಿಂದೆ ಬರುತ್ತೀರಿ, ಎಂಟರಿಂದ ಐದೂವರೆಗೆ. ಮಲಗುವ ಹೊತ್ತಿನ ಬಗ್ಗೆ ಮೊದಲು ತಲೆ ಕೆಡಿಸಿಕೊಳ್ಳಬೇಡಿ, ಏಳುವ ಹೊತ್ತು ಹಿಡಿದರೆ ಮಲಗುವ ಹೊತ್ತು ತಾನೇ ಹಿಂದೆ ಸರಿಯುತ್ತದೆ. ಎದ್ದ ಮೇಲೆ ಒಳಗೆ ಕೂರಬೇಡಿ, ಅಂಗಳಕ್ಕೆ ಬನ್ನಿ, ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಬೇಗ ಹೊಂದಿಕೊಳ್ಳುತ್ತದೆ. ಮಧ್ಯಾಹ್ನದ ನಿದ್ದೆಯನ್ನು ಒಮ್ಮೆಲೇ ಬಿಡೋಕೆ ಆಗುವುದಿಲ್ಲ, ಅರ್ಧ ತಾಸಿಗೆ ಇಳಿಸಿ. ಸಂಜೆ ಐದರ ನಂತರದ ಚಹಾ ಬಿಟ್ಟರೆ ಒಳ್ಳೆಯದು. ಚಹಾದಲ್ಲಿನ ಕೆಫೀನ್ ಐದಾರು ತಾಸು ಕಳೆದರೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ನಾನು ಏಳು ಗಂಟೆಗೆ ಕುಡಿದು ರಾತ್ರಿ ಹನ್ನೆರಡಕ್ಕೆ ಕಣ್ಣು ಪಿಳಿಪಿಳಿ ಬಿಡುತ್ತ "ಸಾಲಿ ಶುರು ಆಗೋ ಖುಷಿಗೆ ನಿದ್ದಿ ಬರವಲ್ದು" ಅಂದುಕೊಂಡಿದ್ದೇನೆ. ಖುಷಿಯಲ್ಲ, ಚಹಾ.

ನಿಮ್ಮ ಕೆಲಸವನ್ನು ಎರಡು ಪಾಲು ಮಾಡಿ

ಈ ಒಂದು ಹೆಜ್ಜೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ.

"ನನಗೆ ನನ್ನ ಕೆಲಸ ಇಷ್ಟ" ಅನ್ನುತ್ತೇವಲ್ಲ, ಅದು ಪೂರ್ತಿ ನಿಜ ಅಲ್ಲ. ನನಗೆ ಇಷ್ಟ ಇರುವುದು ಪಾಠ. ಆರನೇ ಕ್ಲಾಸಿನ ಮಕ್ಕಳ ಮುಂದೆ ನಿಂತು, ಅಯಸ್ಕಾಂತದಿಂದ ಮೊಳೆ ಎತ್ತಿ ತೋರಿಸಿದಾಗ ಅವರ ಮುಖ ನೋಡುವುದು ಇಷ್ಟ. ಶಿಕ್ಷಣ ಇಲಾಖೆಯ ಆನ್‌ಲೈನ್ ತಾಣ ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬುವುದು, ಅದೂ ನೆಟ್‌ವರ್ಕ್ ಸಿಗಲಿ ಅಂತ ಫೋನ್ ಹಿಡಿದು ಬೇವಿನ ಮರದ ಕೆಳಗೆ ನಿಂತು ತುಂಬುವುದು, ಅದು ಇಷ್ಟ ಅಂತ ಯಾರು ಹೇಳುತ್ತಾರೆ? ಬಿಸಿಯೂಟದ ಲೆಕ್ಕ, ಪುಸ್ತಕ-ಸಮವಸ್ತ್ರ ಎಷ್ಟು ಬಂತು ಎಷ್ಟು ಕೊಟ್ಟೆವು ಅನ್ನುವ ಪಟ್ಟಿ, ವರ್ಗಾವಣೆ ಪತ್ರ, ಕ್ರಿಯಾ ಯೋಜನೆ, ಮೀಟಿಂಗು.

ಈಗ ನೋಡಿ. ಶಾಲೆ ತೆರೆದ ಮೊದಲ ಹದಿನೈದು ದಿನ ತುಂಬಿರುವುದು ಈ ಎರಡನೇ ಪಾಲೇ. ಪಾಠ ಇನ್ನೂ ಸರಿಯಾಗಿ ಶುರುವಾಗಿರುವುದಿಲ್ಲ, ಅರ್ಧ ಮಕ್ಕಳು ಇನ್ನೂ ಅಜ್ಜಿ ಊರಿಂದ ಬಂದಿರುವುದಿಲ್ಲ, ಕೆಲವರು ದುಡಿಯೋಕೆ ಹೋದ ಅಪ್ಪ-ಅವ್ವನ ಜೊತೆ ಗೋವಾದಲ್ಲೋ ಮಂಗಳೂರಲ್ಲೋ ಇರುತ್ತಾರೆ. ಕಾಗದಪತ್ರ ಮಾತ್ರ ಒಂದು ದಿನವೂ ಕಾಯುವುದಿಲ್ಲ. ನಾವು ಪಾಠದ ಆಸೆಯಿಂದ ಓಡಿಬಂದು ಪಟ್ಟಿಯ ಮುಂದೆ ಕೂರುತ್ತೇವೆ. ಒಂದು ವಾರ ಕಳೆದ ಮೇಲೆ ಮನಸ್ಸು ಕೇಳುತ್ತದೆ, "ನಿನಗೆ ಈ ಕೆಲಸ ನಿಜಕ್ಕೂ ಇಷ್ಟಾನಾ?" ಇಷ್ಟವೇ. ಇಷ್ಟದ ಪಾಲು ಇನ್ನೂ ತಟ್ಟೆಗೆ ಬಿದ್ದಿಲ್ಲ, ಅಷ್ಟೇ.

ಧಾರವಾಡದ ಹೈಕೋರ್ಟ್ ಪೀಠ 2013ರಲ್ಲಿ ಕಾಯಂ ಆದಾಗಿನಿಂದ ಅಲ್ಲಿ ವಕೀಲಿ ಮಾಡುವ ಗೆಳತಿಯೊಬ್ಬಳಿದ್ದಾಳೆ. ಅವಳದ್ದೂ ಇದೇ ಪಾಡು. ವಾದ ಮಾಡುವುದು ಅಂದರೆ ಅವಳಿಗೆ ಊಟ ಬೇಡ, ನೀರು ಬೇಡ. ಮೇ ಸೂಟಿ ಮುಗಿಸಿ ಹೋದರೆ ಮೊದಲ ವಾರ ಅರ್ಜಿ ತಿದ್ದುವುದು, ಫೈಲು ಹುಡುಕುವುದು, ಕಕ್ಷಿದಾರರ ಫೋನಿಗೆ "ಈ ವಾರ ಬರೂದಿಲ್ಲ ನಿಮ್ದು" ಅಂತ ನೂರು ಸಲ ಹೇಳುವುದು.

ಅದಕ್ಕೆ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ನಿಮಗೆ ಜೀವ ಬರುವ ಕೆಲಸ, ಬಲಗಡೆ ಮಾಡಲೇಬೇಕಾದ ಕೆಲಸ. ಎಡಗಡೆಯದರಲ್ಲಿ ಒಂದನ್ನು, ಚಿಕ್ಕದನ್ನು, ಮೊದಲ ಹದಿನೈದು ದಿನ ಪ್ರತಿದಿನ ಒಂದು ಗೊತ್ತಾದ ಹೊತ್ತಿಗೆ ಇಡಿ. ನಾನು ದಿನದ ಮೊದಲ ಪೀರಿಯಡ್ ಇಟ್ಟುಕೊಂಡಿದ್ದೇನೆ. ಹಾಜರಿ ಆದ ಮೇಲೆ ಮುಕ್ಕಾಲು ತಾಸು, ಎಂಟೇ ಮಕ್ಕಳಿದ್ದರೂ ಸರಿ, ಒಂದು ಪ್ರಯೋಗ ಅಥವಾ ಒಂದು ಕಥೆ. ಸಿಆರ್‌ಪಿ ಸರ್ (ನಮ್ಮ ಕ್ಲಸ್ಟರ್ ಶಾಲೆಗಳನ್ನು ನೋಡಿಕೊಳ್ಳುವವರು) ಫೋನ್ ಮಾಡಿದರೂ ಆಮೇಲೆ ತಿರುಗಿ ಮಾಡುತ್ತೇನೆ. ಬಲಗಡೆಯ ಕೆಲಸ ಮಧ್ಯಾಹ್ನ ಊಟ ಆದ ಮೇಲೆ, ಒಂದೇ ಕೂತ ಕೂರಿಕೆಯಲ್ಲಿ. ದಿನವಿಡೀ ಚೂರು ಚೂರು ಮಾಡಿದರೆ ಅದು ಇಡೀ ದಿನವನ್ನೇ ನುಂಗುತ್ತದೆ.

ಹಿಂದಿನ ಎರಡು ದಿನ: ಬುತ್ತಿ, ಬಸ್ಸು, ಚಪ್ಪಲಿ

ಇಲ್ಲಿ ಜ್ಞಾನ ಏನಿಲ್ಲ, ಬರೀ ತಯಾರಿ.

ಕಡಕ ರೊಟ್ಟಿ ಮಾಡಿಟ್ಟುಕೊಳ್ಳಿ ಅಥವಾ ತಂದಿಟ್ಟುಕೊಳ್ಳಿ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ. ಮೊದಲ ವಾರ ಬೆಳಿಗ್ಗೆ ಐದೂವರೆಗೆ ಎದ್ದು ಪಲ್ಯ, ರೊಟ್ಟಿ, ಮಕ್ಕಳ ಡಬ್ಬಿ ಎಲ್ಲ ಮಾಡುತ್ತೇನೆ ಅನ್ನುವ ಹಟ ಬೇಡ. ಮೊಸರು ಒಯ್ದರೆ ಬುತ್ತಿ ಆಯಿತು.

ಬಸ್ಸಿನ ವೇಳೆ ಕೇಳಿಕೊಳ್ಳಿ. ಏಪ್ರಿಲ್‌ನಲ್ಲಿ ಇದ್ದ ಬಸ್ಸು ಜೂನ್‌ನಲ್ಲೂ ಅದೇ ಹೊತ್ತಿಗೆ ಬಿಡುತ್ತದೆ ಅಂತಿಲ್ಲ. ಚನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸ ಶುರುವಾದ ಮೇಲಂತೂ ಯಾವ ಬಸ್ಸು ಎಲ್ಲಿಂದ ಬಿಡುತ್ತದೆ ಅನ್ನುವುದನ್ನೂ ಕೇಳಿಯೇ ಹೋಗಬೇಕು. ಜೂನ್ ಮೊದಲ ವಾರ ಕಾಲೇಜು ಹುಡುಗರು, ಶಾಲೆ ಮಕ್ಕಳು, 2023ರಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮಂಥ ಹೆಣ್ಣುಮಕ್ಕಳು, ಎಲ್ಲರೂ ಒಂದೇ ಬಸ್ಸಿಗೆ. ಕಾಲು ತಾಸು ಮೊದಲು ಹೊರಡಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡುವವರು ಪುಣ್ಯವಂತರು, ಚಿಗರಿ ಬಸ್ಸಿದೆ, ತನ್ನದೇ ದಾರಿಯಲ್ಲಿ ಹೋಗುತ್ತದೆ.

ಹಳ್ಳಿಗೆ ಹೋಗುವವರು ಎರಡನೇ ಜೋಡಿ ಚಪ್ಪಲಿ ಶಾಲೆಯ ಕಪಾಟಿನಲ್ಲಿ ಇಡಿ. ನಗಬೇಡಿ. ಅಣ್ಣಿಗೇರಿ, ನವಲಗುಂದ, ರೋಣ, ಈ ಎರಿ ಭೂಮಿಯಲ್ಲಿ ಬೇಸಿಗೆಗೆ ಕಾಲು ಹೋಗುವಷ್ಟು ಬಿರುಕು ಬಿಟ್ಟ ನೆಲ, ಒಂದು ರೋಹಿಣಿ ಮಳೆ ಬಿತ್ತೋ, ಹೆಜ್ಜೆಗೆ ಅರ್ಧ ಕಿಲೋ ಮಣ್ಣು ಹಿಡಿದುಕೊಳ್ಳುತ್ತದೆ. ಬೈಕಿನ ಮಡ್ಗಾರ್ಡಿಗೆ ಸಿಕ್ಕರೆ ಚಕ್ರವೇ ತಿರುಗುವುದಿಲ್ಲ. ಡಾಂಬರು ರಸ್ತೆಯಲ್ಲೇ ಯಾರ ಮನೆ ಮುಂದಾದರೂ ಗಾಡಿ ನಿಲ್ಲಿಸೋಕೆ ಮೊದಲೇ ಹೇಳಿಟ್ಟಿರಿ. ಮೊದಲ ದಿನದ ಹುರುಪೆಲ್ಲ ಕೆಸರಿನಿಂದ ಚಪ್ಪಲಿ ಕೀಳುವುದರಲ್ಲೇ ಮುಗಿದುಹೋದದ್ದು ನಾನು ಒಂದು ಸಲ ಅಲ್ಲ, ಮೂರು ಸಲ ನೋಡಿದ್ದೇನೆ.

ಮನೆ ಖರ್ಚಿನದ್ದೂ ಈಗಲೇ ಲೆಕ್ಕ ಹಾಕಿ. ನಮ್ಮ ಮಕ್ಕಳ ಫೀ, ವಹಿ, ಚೀಲ, ರೇನ್‌ಕೋಟ್ ಎಲ್ಲ ಜೂನ್‌ಗೇ ಬರುತ್ತವೆ.

ಮೊದಲ ದಿನ: ಕಡಿಮೆ ಮಾಡಿ, ಬೇಗ ಹೊರಡಿ

ಬೀಗ ತೆಗೆದ ಕೂಡಲೇ ಒಳಗೆ ನುಗ್ಗಬೇಡಿ. ಒಂದೂವರೆ ತಿಂಗಳು ಮುಚ್ಚಿದ ಕೋಣೆ. ಚೇಳು, ಹಾವು ಹೊಕ್ಕಿರುತ್ತವೆ. ಬಾಗಿಲು, ಕಿಟಕಿ ತೆರೆದು, ಕಪಾಟಿನ ಹಿಂದೆ, ಬೆಂಚಿನ ಕೆಳಗೆ ಕೋಲಾಡಿಸಿ ನೋಡಿ ಆಮೇಲೆ ಮಕ್ಕಳನ್ನು ಬಿಡಿ. ನೀರಿನ ಟಾಕಿ ತೊಳೆಸದೆ ಆ ನೀರು ಕುಡಿಯೋಕೆ ಕೊಡಬೇಡಿ. ಅಡುಗೆ ಅಕ್ಕನವರ ಜೊತೆ ನಿಂತು ಅಕ್ಕಿ, ಬೇಳೆಗೆ ಹುಳ ಬಿದ್ದಿದೆಯಾ ನೋಡಿ. ಆಫೀಸಿನವರಾದರೆ ಇದರ ಬದಲು ಕಂಪ್ಯೂಟರ್ ಆನ್ ಆಗುತ್ತಾ, ಪಾಸ್‌ವರ್ಡ್ ನೆನಪಿದೆಯಾ, ಬಂದ ಮೇಲ್‌ಗಳಲ್ಲಿ ಇವತ್ತೇ ಉತ್ತರ ಬೇಕಾದ ಮೂರು ಯಾವುವು, ಅಷ್ಟು ನೋಡಿ ಸಾಕು. ಉಳಿದ ನಾನೂರು ಮೇಲ್ ಓದೋಕೆ ಹೋಗಬೇಡಿ, ಅದರಲ್ಲಿ ಅರ್ಧದ್ದು ಕೆಲಸ ತಾನೇ ಮುಗಿದುಹೋಗಿರುತ್ತದೆ.

ಆಮೇಲೆ ಎಡಗಡೆಯ ಪಟ್ಟಿಯ ಆ ಒಂದು ಕೆಲಸ. ಆಮೇಲೆ, ಗಂಟೆ ಬಾರಿಸಿದ ಮೇಲೆ, ಹೊರಡಿ. ಎತ್ತು ಬಿಚ್ಚುವ ಹೊತ್ತು ಇದು. ಹೊರಡೋಕೆ ಮನಸ್ಸಾಗುವುದಿಲ್ಲ, ಇನ್ನೊಂದು ಅರ್ಧ ತಾಸು ಕೂತರೆ ಗೋಡೆ ಚಿತ್ರ ಶುರು ಮಾಡಬಹುದಲ್ಲ ಅನಿಸುತ್ತದೆ. ಅನಿಸಲಿ. ಮೊದಲ ವಾರ ಗಂಟೆ ಆದ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ ಅಂತ ನಾನು ಮುಖ್ಯ ಗುರುಗಳಿಗೇ ಹೇಳಿಬಿಟ್ಟಿದ್ದೇನೆ. ಅವರಿಗೆ ಆಶ್ಚರ್ಯ ಆಯಿತು, ನನ್ನ ಬಾಯಿಂದ ಆ ಮಾತು ಬರುತ್ತೆ ಅಂದುಕೊಂಡಿರಲಿಲ್ಲ.

ಗಂಟಲಿನ ಕಾಳಜಿ

ಮಾತೇ ಬಂಡವಾಳ ಆಗಿರುವವರಿಗೆ ಇದು. ಮಾಸ್ತರರು, ವಕೀಲರು, ಕಂಡಕ್ಟರು, ಅಂಗಡಿಯವರು.

ಸೂಟಿಯ ಕೊನೆಯ ವಾರದಲ್ಲೇ ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ. ಪೇಪರ್ ಓದಿ, ಯಾರಾದರೂ ಕೇಳಲಿ ಬಿಡಲಿ. ಶಾಲೆ ಶುರುವಾದ ಮೇಲೆ ಪೀರಿಯಡ್ ನಡುವೆ ಎರಡು ಗುಟುಕು ನೀರು, ಬಾಯಾರಿಕೆ ಆಗುವ ತನಕ ಕಾಯಬೇಡಿ. ಕೆಮ್ಮಿ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುವ ಚಟ ಬಿಡಿ, ಅದರಿಂದ ಇನ್ನೂ ಕೆರೆಯುತ್ತದೆ. ದನಿ ಕೂತಿದೆ ಅನಿಸಿದರೆ ಪಿಸುಗುಟ್ಟಬೇಡಿ, ಸುಮ್ಮನಿರಿ. ಪಿಸುಮಾತಿನಿಂದ ಗಂಟಲಿಗೆ ವಿಶ್ರಾಂತಿ ಸಿಗುತ್ತದೆ ಅಂತ ನಾನೂ ನಂಬಿದ್ದೆ. ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸೀಮೆಸುಣ್ಣದ ಪುಡಿ ಅಷ್ಟು ಏಳುವುದಿಲ್ಲ.

ಗದ್ದಲ ನಿಲ್ಲಿಸೋಕೆ ಕೂಗುವ ಬದಲು ಚಪ್ಪಾಳೆಯ ತಾಳ ಇಟ್ಟುಕೊಳ್ಳಿ. ನಾನು ಎರಡು ಹೊಡೆದರೆ ಮಕ್ಕಳು ಮೂರು ಹೊಡೆದು ಸುಮ್ಮನಾಗಬೇಕು. ಎರಡು ದಿನದಲ್ಲಿ ರೂಢಿ ಆಗುತ್ತದೆ. ಇನ್ನು ನಮ್ಮದು ತಗಡಿನ ಕೋಣೆ. ಮಳೆ ಜೋರಾದರೆ ತಗಡಿನ ಸದ್ದಿಗೆ ಎದುರಾಗಿ ಕೂಗೋಕೆ ಹೋಗಬೇಡಿ, ಅದು ಸೋಲುವ ಆಟ. ಮಳೆ ಬಂದಾಗ ಮೌನ ಓದು ಅಂತ ಮೊದಲ ದಿನವೇ ಹೇಳಿಟ್ಟಿದ್ದೇನೆ. ಈಗ ಮೋಡ ಕಂಡರೆ ಸಾಕು, ಮಕ್ಕಳೇ ಲೈಬ್ರರಿ ಪೆಟ್ಟಿಗೆ ತೆಗೆಯುತ್ತಾರೆ.

"ನಿಮಗ ಇಷ್ಟ ಅಲ್ಲೇನ್ರೀ, ನೀವಽ ಮಾಡ್ರಿ"

ಎಲ್ಲಕ್ಕಿಂತ ದೊಡ್ಡ ಗುಂಡಿ ಇದು. ಕೆಲಸ ಇಷ್ಟ ಪಡುವವರ ಮೇಜಿಗೇ ಎಲ್ಲರ ಕೆಲಸ ಬಂದು ಬೀಳುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ, ಹೊಗಳಿಯೇ ಕೊಡುತ್ತಾರೆ. "ಅಕ್ಕೋರ, ನಿಮಗ ಸಾಲಿ ಅಂದ್ರ ಪ್ರಾಣ. ಇಕೋ ಕ್ಲಬ್ಬೂ ನೀವಽ ನೋಡ್ಕೊಂಡಬಿಡ್ರಿ." ಹೊಗಳಿಕೆ ಕೇಳಿ ನಾವು ಕರಗಿ ಹೂಂ ಅಂದುಬಿಡುತ್ತೇವೆ. ಜೂನ್ ಮೊದಲ ವಾರ ಹೀಗೆ ಹೂಂ ಅಂದದ್ದು ಮಾರ್ಚ್ ತನಕ ಬೆನ್ನ ಮೇಲೆ ಇರುತ್ತದೆ.

ಕಡ್ಡಿ ಮುರಿದಂತೆ ಇಲ್ಲ ಅನ್ನೋಕೆ ನಮ್ಮ ಕಡೆ ಆಗುವುದಿಲ್ಲ, ಮನಸ್ಸು ಮುರಿಯುತ್ತದೆ. ನಾನು ಮೂರು ಮಾತು ಇಟ್ಟುಕೊಂಡಿದ್ದೇನೆ. ಒಂದು, "ಜೂನ್ 15ಕ್ಕ ಹೇಳ್ತೀನ್ರೀ ಸರ್, ವಹಿ ನೋಡಿ." ಎರಡು, "ಇದನ್ನ ತಗೋತೀನಿ, ಹಂಗಾರ ಬಿಸಿಯೂಟದ ಲೆಕ್ಕ ಯಾರಿಗೆ ಕೊಡೂಣ್ರಿ?" ಮೂರು, "ನಾವಿಬ್ಬರೂ ಕೂಡಿ ಮಾಡೂಣ್ರಿ, ನೀವು ಶುರು ಮಾಡ್ರಿ." ಮೂರನೆಯದು ಬಹಳ ಕೆಲಸ ಮಾಡುತ್ತದೆ. ಹೆಚ್ಚಿನ ಸಲ ಆ ಕೆಲಸ ಶುರುವಾಗುವುದೇ ಇಲ್ಲ, ಅಂದರೆ ಅದು ಅಷ್ಟು ಜರೂರಿನದ್ದೇ ಆಗಿರಲಿಲ್ಲ.

ಗೊಣಗುವವರ ನಡುವೆ

ಸ್ಟಾಫ್‌ರೂಮಿನಲ್ಲಿ ಎಲ್ಲರೂ "ಗಾಣ ಶುರು ಆತು" ಅನ್ನುವಾಗ ನೀವು "ನನಗಂತೂ ಭಾಳ ಖುಷಿ ಆಗೇತಿ" ಅಂದರೆ ಯಾರಿಗೂ ಹಿಡಿಸುವುದಿಲ್ಲ. ಅವರಿಗೆ ಬುದ್ಧಿ ಹೇಳೋಕೆ ಹೋಗಬೇಡಿ. ಮಗುವನ್ನು ಬಿಟ್ಟು ಬಂದವರಿರುತ್ತಾರೆ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರುತ್ತಾರೆ, ಎಂಬತ್ತು ಕಿಲೋಮೀಟರ್ ದೂರದಿಂದ ಬರುವವರಿರುತ್ತಾರೆ. ಕೊನೆಯ ಆಪೂಸ್ ನಾಲ್ಕು ಒಯ್ದು ಕೊಯ್ದು ಹಂಚಿ, ಚಹಾ ಕುಡಿಯಿರಿ, ಯಾರ ಮಗಳ ಮದುವೆ ಹೇಗಾಯಿತು ಕೇಳಿ. ಸುಮ್ನೆ ಅವರ ಜೊತೆ ಗೊಣಗುವ ನಾಟಕವೂ ಬೇಡ. ನಾನು ಒಂದು ವರ್ಷ ಹಾಗೆ ಮಾಡಿದೆ, ನಾಲ್ಕನೇ ದಿನಕ್ಕೆ ನಿಜಕ್ಕೂ ಬೇಜಾರಾಗೋಕೆ ಶುರುವಾಯಿತು.

ಸಂಜೆ ಮನೆಯಲ್ಲಿ

ಮನೆಯವರಿಗೆ ಒಂದೂವರೆ ತಿಂಗಳು ನೀವು ಪೂರ್ತಿ ಸಿಕ್ಕಿರುತ್ತೀರಿ. ಒಮ್ಮೆಲೇ ಬೆಳಿಗ್ಗೆ ಏಳಕ್ಕೆ ಮಾಯ ಆಗಿ ಸಂಜೆ ಆರಕ್ಕೆ ಬಂದು, ಬಂದ ಮೇಲೂ ಫೋನಿನಲ್ಲಿ ಶಾಲೆ ಗ್ರೂಪು ನೋಡುತ್ತ ಕೂತರೆ ಮಕ್ಕಳಿಗೆ ಏನನಿಸಬೇಕು? ನನ್ನ ಮಗ ಒಂದು ದಿನ ಕೇಳಿದ, "ಅವ್ವಾ, ನಿನ್ನ ಸಾಲ್ಯಾಗಿನ ಹುಡುಗರಿಗೆ ಅವ್ವ ಇಲ್ಲೇನು?" ಅಂದಿನಿಂದ ಬಂದ ಮೇಲೆ ಒಂದು ತಾಸು ಫೋನ್ ದೇವರ ಕೋಣೆಯ ಕಪಾಟಿನಲ್ಲಿ.

ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವಲೆರಾಂಡ್ ಮತ್ತು ಅವರ ಜೊತೆಗಾರರು 2003ರಲ್ಲಿ ಇಂಥ ಪ್ರೀತಿಯಲ್ಲಿ ಎರಡು ಬಗೆ ಇದೆ ಅಂತ ಬರೆದರು. ಒಂದರಲ್ಲಿ ಕೆಲಸವನ್ನು ನೀವು ಹಿಡಿದಿರುತ್ತೀರಿ, ಬೇಕಾದಾಗ ಕೆಳಗೆ ಇಡಬಹುದು. ಇನ್ನೊಂದರಲ್ಲಿ ಕೆಲಸವೇ ನಿಮ್ಮನ್ನು ಹಿಡಿದಿರುತ್ತದೆ, ಇಡೋಕೆ ಹೋದರೆ ತಳಮಳ. ನೀವು ಯಾವ ಕಡೆ ಅಂತ ತಿಳಿಯೋಕೆ ಆ ಒಂದು ತಾಸು ಸಾಕು. ಮೊದಲ ದಿನ ನನಗೆ ಕಪಾಟಿನಿಂದ ಫೋನ್ ಕರೆದ ಹಾಗೇ ಕೇಳಿಸುತ್ತಿತ್ತು.

ಸೂಟಿಯ ಒಂದು ರೂಢಿಯನ್ನಾದರೂ ಉಳಿಸಿಕೊಳ್ಳಿ. ಸೂಟಿಯ ಹಗುರ ಕೆಲಸಕ್ಕೆ ಮರಳಿದ ಎರಡರಿಂದ ನಾಲ್ಕು ವಾರದಲ್ಲಿ ಕರಗಿಹೋಗುತ್ತದೆ ಅಂತ ಇದನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ನಮ್ಮಲ್ಲಿ ಮೇ ತಿಂಗಳಿಡೀ ಸಂಜೆ ನೃಪತುಂಗ ಬೆಟ್ಟ ಹತ್ತುತ್ತಿದ್ದೆವು. ದಿನಾ ಆಗುವುದಿಲ್ಲ ಈಗ. ಬುಧವಾರ ಮತ್ತು ಭಾನುವಾರ ಹೋಗುತ್ತೇವೆ, ಬರುವಾಗ ಗಿರ್ಮಿಟ್, ಮಿರ್ಚಿ. ಉಣಕಲ್ ಕೆರೆ ಹತ್ತಿರ ಇರುವವರು ಅಲ್ಲಿ ಹೋಗಿ. ಎಲ್ಲೂ ಬೇಡ ಅಂದರೆ ಮಾಳಿಗೆ ಮೇಲೆ ಕೂತು ಹರಟೆ ಹೊಡೆಯಿರಿ, ಹತ್ತಕ್ಕೆ ಕೆಳಗಿಳಿಯಿರಿ.

ಏಳನೇ ದಿನದ ಹೊತ್ತಿಗೆ ಮನಸ್ಸು ಕುಸಿದರೆ

ಕುಸಿಯುತ್ತದೆ. ಆರನೇ ಏಳನೇ ದಿನ ಸಂಜೆ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಕಾರಣ ಇಲ್ಲದೆ ಅಳು ಬಂದ ಹಾಗಾಗುತ್ತದೆ. ಇಷ್ಟದ ಕೆಲಸ ಇಲ್ಲದವರು ಇದಕ್ಕೆ ತಯಾರಾಗಿಯೇ ಇರುತ್ತಾರೆ, ನಾವು ಇರುವುದಿಲ್ಲ. ಅದಕ್ಕೇ ಹೆದರುತ್ತೇವೆ. ಆ ಸಂಜೆ ಯಾವ ತೀರ್ಮಾನವೂ ಬೇಡ. ವರ್ಗಾವಣೆ ಬಗ್ಗೆ ಯೋಚಿಸಬೇಡಿ, ನೌಕರಿ ಬಿಡುವ ಬಗ್ಗೆಯಂತೂ ಬೇಡವೇ ಬೇಡ. ಉಂಡು ಒಂಬತ್ತಕ್ಕೆ ಮಲಗಿ. ಮರುದಿನ ನಿಮ್ಮ ಎಡಗಡೆಯ ಪಟ್ಟಿ ತೆಗೆದು, ಆ ಒಂದು ಕೆಲಸ ಹಿಂದಿನ ಮೂರು ದಿನ ನಿಜಕ್ಕೂ ಮಾಡಿದ್ದೀರಾ ನೋಡಿ. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಮಾಡಿರುವುದಿಲ್ಲ, ಪಟ್ಟಿ ತುಂಬುವುದರಲ್ಲಿ ಬಿಟ್ಟುಹೋಗಿರುತ್ತದೆ.

ಹದಿನೈದು ದಿನ ಆದ ಮೇಲೂ ಭಾರ ಇಳಿಯದಿದ್ದರೆ, ನಿದ್ದೆ ಬರದೆ, ಊಟ ಸೇರದೆ, ಮಕ್ಕಳ ಮುಖ ನೋಡಿದರೂ ಏನೂ ಅನಿಸದಿದ್ದರೆ, ಅದು ಸೂಟಿಯ ಗುಂಗಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಹೋಗಿ ತೋರಿಸಿ. ಹೋಗೋಕೆ ಮುಜುಗರ ಅಂದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದ‌ಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ.

ಜುಲೈ 1: ವಹಿ ತೆರೆಯಿರಿ

ಹದಿನೈದು ದಿನ ಅರ್ಧ ನೊಗದಲ್ಲಿ ಸಾಗಿದ ಮೇಲೆ, ಜೂನ್ ಎರಡನೇ ಅರ್ಧದಲ್ಲಿ ನಿಧಾನಕ್ಕೆ ಭಾರ ಏರಿಸಿ. ಕಾರಹುಣ್ಣಿಮೆ ಹೊತ್ತಿಗೆ ಮಕ್ಕಳೆಲ್ಲ ಬಂದಿರುತ್ತಾರೆ, ಸೇತುಬಂಧದ ಪರೀಕ್ಷೆಯಿಂದ ಯಾರಿಗೆ ಏನು ಬರುತ್ತೆ ಏನು ಬರಲ್ಲ ಗೊತ್ತಾಗಿರುತ್ತದೆ, ಕಾಗದಪತ್ರದ ಗುಡ್ಡ ಕರಗಿರುತ್ತದೆ. ಈಗ ಆ ವಹಿ ತೆಗೆಯಿರಿ. ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಹಾಕಿ: ಈ ವರ್ಷದ ಈ ಮಕ್ಕಳಿಗೆ ಇದು ಬೇಕಾ? ಆಫೀಸಿನವರು ಮಕ್ಕಳ ಜಾಗದಲ್ಲಿ ಗಿರಾಕಿ ಅಂತ ಓದಿಕೊಳ್ಳಿ. ಎರಡು ಐಡಿಯಾ ಆರಿಸಿ, ಮೂರಲ್ಲ.

ಹೋದ ವರ್ಷದ ನನ್ನ ವಹಿಯಲ್ಲಿ ಹತ್ತೊಂಬತ್ತು ಸಾಲು ಇದ್ದವು. ಹನ್ನೊಂದನ್ನು ಓದಿ ನನಗೇ ನಗು ಬಂತು. ಒಂದು ಸಾಲಿನಲ್ಲಿ ಬರೀ "ಒಂಟೆ??" ಅಂತಿತ್ತು, ಯಾಕೆ ಬರೆದೆನೋ ಇವತ್ತಿಗೂ ಗೊತ್ತಿಲ್ಲ. ಸೌರಮಂಡಲ ಉಳಿಯಿತು. ಜುಲೈ ಮೂರನೇ ವಾರ, ಏಳನೇ ಕ್ಲಾಸಿನ ನಾಲ್ಕು ಹುಡುಗಿಯರ ಕೈಗೆ ಬ್ರಷ್ ಕೊಟ್ಟು ನಾನು ಕುರ್ಚಿ ಹಾಕಿಕೊಂಡು ಕೂತೆ. ಶನಿಗೆ ಬಳೆ ತೊಡಿಸಿದ ಹಾಗೆ ಉಂಗುರ ಬರೆದಿದ್ದಾರೆ, ಹಸಿರು ಬಣ್ಣದಲ್ಲಿ. ಅಳಿಸಿಲ್ಲ.